ಕರಡಿಯ ಕಾಲು ಮುರಿದ ಪ್ರಕರಣ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಟ್ಟೆಯ ಕರಡಿ.

ಮೂರು ದಿನದ ಹಿಂದೆ, ಆಫೀಸಿನಿಂದ ಬಂದು ಇನ್ನೂ ಬೂಟು ಬಿಚ್ಚುತ್ತಿದ್ದಾಗ ಮಗಳು ಆ ಕರಡಿಯನ್ನು ಎದೆಗವಚಿಕೊಂಡು ಅಳುತ್ತ ಓಡಿಬಂದಳು. "ಅಪ್ಪ, ಮಧ್ಯಾಹ್ನ ಕರಡಿಗೆ ಕಾರು ಗುದ್ದಿಬಿಡ್ತು. ಕಾಲು ಮುರಿದೇ ಹೋಯ್ತು!"

ಬೇರೆ ಯಾವ ತಂದೆಯಾಗಿದ್ದರೂ ಅಯ್ಯೋ ಪಾಪ ಅಂದು ಕರ್ಚೀಫಿನಲ್ಲಿ ಒಂದು ಪಟ್ಟಿ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದ. ಆದರೆ ಈ ತಂದೆ ವಿಮಾ ಕಂಪನಿಯಲ್ಲಿ ನಷ್ಟ ಪರಿಶೀಲಿಸುವವರು. ಅಂಗಡಿಗೆ ಬೆಂಕಿ ಬಿತ್ತು, ಲಾರಿ ಮಗುಚಿತು, ಗೋದಾಮಿಗೆ ನೀರು ನುಗ್ಗಿತು ಎಂದು ಜನ ಪರಿಹಾರ ಕೇಳಿದರೆ, ಹೋಗಿ ನೋಡಿ, ಅದರಲ್ಲಿ ನಿಜವೆಷ್ಟು ಬುರುಡೆಯೆಷ್ಟು ಎಂದು ಹೇಳುವುದೇ ಅವರ ಕಸುಬು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಲೋಕದಲ್ಲಿ ಹೆಚ್ಚು. ಇವರು ಹಸುವೇ ಈಯಿತು ಎಂದರೂ ಕರು ಎಲ್ಲಿ, ತೋರಿಸಿ ಎನ್ನುವವರು. ಹಾಗಾಗಿ ಅವರಿದ್ದ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿ, 'ಪುರಾವೆ' ಎಂಬ ಅಡ್ಡಹೆಸರೇ ಗಟ್ಟಿಯಾಗಿತ್ತು.

ಪುರಾವೆಯವರು ಬ್ಯಾಗಿನಿಂದ ಭೂತಗನ್ನಡಿ ತೆಗೆದರು. ಕರಡಿಯ ಕಾಲನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಟೇಪು ಹಿಡಿದು ಅಳೆದರು.

"ಪುಟ್ಟಿ, ಟೈರಿನ ಗುರುತಿಲ್ಲ, ಎಣ್ಣೆ ಕಲೆಯಿಲ್ಲ. ಇದು ಹಳೆ ಹೊಲಿಗೆ ಬಿಚ್ಕೊಂಡಿರೋದು. ಅಪಘಾತ ಅನ್ನೋಕಾಗಲ್ಲ."

"ಅಂದ್ರೆ?"

"ಕ್ಲೈಮು ತಿರಸ್ಕೃತ."

ನಲ್ಲಿ ತಿರುಗಿಸಿದ ಹಾಗೆ ಮಗಳ ಅಳು ನಿಂತಿತು. ಅಪ್ಪನ ಮುಖ ನೋಡಿದಳು, ಭೂತಗನ್ನಡಿ ನೋಡಿದಳು, ಕರಡಿಯ ಕಾಲು ನೋಡಿದಳು. ಸದ್ದಿಲ್ಲದೆ ಎದ್ದು ಒಳಗೆ ಹೋದಳು. ಆಮೇಲೆ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಮೊದಲ ದಿನ ಹುಡುಗಾಟ ಎಂದುಕೊಂಡರು. ಎರಡನೆಯ ದಿನ ಚಾಕಲೇಟು ತಂದರು, ತಿಂದಳು, ಮಾತಾಡಲಿಲ್ಲ. ಮೂರನೆಯ ದಿನ ಪುರಾವೆಯವರು ತಿಂಡಿಯ ತಟ್ಟೆಯನ್ನು ಅರ್ಧಕ್ಕೇ ಸರಿಸಿದರು. ಇರುವವಳೊಬ್ಬಳೇ ಮಗಳು. ಅವಳು ಬಾಯಿಬಿಟ್ಟು ಅಪ್ಪ ಎನ್ನದ ಮನೆ ಅವರಿಗೆ ಮನೆಯೇ ಅಲ್ಲ ಅನ್ನಿಸಿತು.

"ಊಟಕ್ಕೆ ಕೂತಾಗಲೆಲ್ಲ ನಿಮ್ಮದು ಅದೇ ಪುರಾಣ," ಎಂದಳು ಹೆಂಡತಿ. "'ತನಿಖೆ ಮುಗಿಯೋವರೆಗೂ ನಾನು ಕೇಸಿನ ಪಾರ್ಟಿ ಜೊತೆ ಒಂದು ಮಾತೂ ಆಡಲ್ಲ, ಮಾತಾಡಿದ್ರೆ ಮನಸ್ಸು ಕರಗುತ್ತೆ, ಕರಗಿದ್ರೆ ಕೆಲಸ ಕೆಡುತ್ತೆ.' ಮಗು ಎದುರಿಗೆ ಇದೇ ಹೇಳಿದ್ರೆ ಅದಕ್ಕೆ ಕನಿಕರ ಎಲ್ಲಿಂದ ಬರಬೇಕು? ಬೇರೆ ಮಕ್ಕಳ ಅಪ್ಪಂದಿರು ಕತೆ ಹೇಳ್ತಾರೆ."

"ನಂಗೆ ಕತೆ ಬರಲ್ವಲ್ಲೇ."

"ಬರಲ್ಲ ಅಂದ್ರೆ ಪುಸ್ತಕ ತನ್ನಿ. ಹೇಗೂ ಆ ಕಪಾಟು ನಿಮ್ಮ ತಲೆಗೇ ಬಂದಿದೆಯಲ್ಲ!"

ಹೌದು, ಕಪಾಟು. ಕಟ್ಟಡದ ಕೆಳಗಿನ ಹಾಲಿನಲ್ಲಿ ಮಕ್ಕಳಿಗೊಂದು ಪುಸ್ತಕದ ಕಪಾಟು ಇಡಬೇಕು, ಮಕ್ಕಳ ಮನಸ್ಸಿನಲ್ಲಿ ಕರುಣೆ ಮತ್ತು ಕಲ್ಪನೆ ಬೆಳೆಸುವ ಕತೆಗಳು ಅದರಲ್ಲಿರಬೇಕು ಎಂದು ನಿವಾಸಿಗಳ ಸಭೆ ತೀರ್ಮಾನಿಸಿತ್ತು. ಆ ಕಟ್ಟಡದಲ್ಲಿ ಒಂದು ಪದ್ಧತಿ: ಯಾವ ಕೆಲಸವನ್ನು ಯಾರೂ ಒಪ್ಪುವುದಿಲ್ಲವೋ ಅದು ಸಭೆಗೆ ಬಾರದವನ ಪಾಲು. ಅಂದು ಬಾರದಿದ್ದವರು ಪುರಾವೆಯವರೊಬ್ಬರೇ. ಜನ್ಮದಲ್ಲಿ ಒಂದೇ ಒಂದು ಕತೆ ಓದದ ಮನುಷ್ಯ ಕತೆ ಪುಸ್ತಕ ಆರಿಸುವವರಾದರು. ಈ ದಿನ ಸಂಜೆಯೇ ಉದ್ಘಾಟನೆ.

ರಜೆಯ ದಿನವಾದರೂ ಬೆಳಿಗ್ಗೆಯೇ ಹೊರಟರು. ಕಪಾಟಿನ ಅಳತೆ ತೆಗೆದುಕೊಳ್ಳೋಣವೆಂದು ಬ್ಯಾಗಿಗೆ ಕೈಹಾಕಿದರೆ ಟೇಪು ಇಲ್ಲ. ಭೂತಗನ್ನಡಿಯೂ ಇಲ್ಲ. ಚಿಂತೆಯಲ್ಲಿ ಆಫೀಸಿನಲ್ಲೇ ಮರೆತಿರಬೇಕೆಂದು ಗೇಣು ಹಾಕಿ ಅಳೆದರು. ಗೇಟಿನ ಕಡೆ ಹೋಗುವಾಗ ಮಗಳು ಕಾಣಿಸಿದಳು. ಕಾರು ನಿಲ್ಲಿಸುವ ಜಾಗದಲ್ಲಿ ಮಂಡಿಯೂರಿ, ಕರಡಿಯನ್ನು ನೆಲದ ಮೇಲೆ ಮಲಗಿಸಿ ಕೂತಿದ್ದಳು.

"ಪುಟ್ಟಿ, ನಿಂಗೆ ಕರಡಿ ಕತೆ ತರ್ತೀನಿ," ಎಂದರು.

ಅವಳು ತಲೆಯೆತ್ತಿ ನೋಡಿದಳು. ಮತ್ತೆ ಕರಡಿಯ ಕಡೆ ಬಗ್ಗಿದಳು. ಪಾಪ, ಗಾಯವಾದ ಕರಡಿಯನ್ನು ಬಿಟ್ಟರೆ ಮಗುವಿಗೆ ಜೊತೆಯೇ ಇಲ್ಲವಲ್ಲ ಎಂದುಕೊಳ್ಳುತ್ತ ಅವರು ಗೇಟು ದಾಟಿದರು.

ಪುಸ್ತಕದ ಅಂಗಡಿಯಾಕೆ ಏಣಿಯ ಮೇಲೆ ನಿಂತು ಧೂಳು ಹೊಡೆಯುತ್ತಿದ್ದಳು.

"ಎಂಥ ಕತೆ ಬೇಕು?"

"ನಿಜವಾದದ್ದು."

"ನಿಜ ಬೇಕಿದ್ರೆ ಆ ಕಡೆ ಸಾಲು. ಪರೀಕ್ಷೆ ಗೈಡುಗಳಿವೆ."

"ಅಲ್ಲ, ಮಕ್ಕಳಿಗೆ ಕರುಣೆ ಬರಬೇಕು, ಕಲ್ಪನೆ ಬೆಳೀಬೇಕು. ಬೆಳೆಯುತ್ತೆ ಅನ್ನೋದಕ್ಕೆ ಏನಾದ್ರೂ ಗ್ಯಾರಂಟಿ...?"

"ಗ್ಯಾರಂಟಿ ಕುಕ್ಕರಿಗೆ ಕೊಡ್ತಾರೆ ಸ್ವಾಮಿ. ನೀವು ಒಂದೆರಡು ಪುಟ ಓದಿ. ಮುಂದಿಂದು ತಿರುಗಿಸಬೇಕು ಅನ್ನಿಸಿದ್ರೆ ತಗೊಳ್ಳಿ, ಇಲ್ಲಾಂದ್ರೆ ಇಟ್ಟುಬಿಡಿ. ಮಕ್ಕಳು ಮಾಡೋದೂ ಅಷ್ಟೇ. ಊಟಕ್ಕೆ ಬಾಗಿಲು ಹಾಕ್ತೀನಿ, ಬೇಗ ನೋಡಿ."

ಪುರಾವೆಯವರು ಕರಡಿಯ ಚಿತ್ರವಿದ್ದ ಪುಸ್ತಕ ಎತ್ತಿಕೊಂಡರು. ಮುದಿಯಾಯಿತೆಂದು ಸರ್ಕಸ್ಸಿನವರು ಬಿಟ್ಟುಹೋದ ಕರಡಿಯೊಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಕಾಡಿಗೆ ಹೋಗುವ ಬಸ್ಸಿಗಾಗಿ ಕಾಯುತ್ತಿದೆ. ಅವರ ಒಳಗಿನ ಪರಿಶೀಲಕ ಕೂಡಲೇ ಎದ್ದು ಕೂತ. ಅಷ್ಟು ತೂಕಕ್ಕೆ ಬೆಂಚು ಹೇಗೆ ತಡೆಯಿತು? ಪೊಲೀಸರಿಗೆ ಯಾಕೆ ತಿಳಿಸಲಿಲ್ಲ? ಆದರೂ ಪುಟ ತಿರುಗಿಸಿದರು. ಕಾಡಿಗೆ ಹೋಗುವ ಬಸ್ಸೇ ಇರಲಿಲ್ಲ. ಅದನ್ನು ಕರಡಿಗೆ ಹೇಳಲು ಕಂಡಕ್ಟರನಿಗೆ ಬಾಯಿ ಬರಲಿಲ್ಲ. ದಿನಾ ಸಂಜೆ "ನಾಳೆ ಬರುತ್ತೆ ಅಜ್ಜ" ಎಂದು ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟು ಹೋಗುತ್ತಿದ್ದ. ಕರಡಿ ದಿನಾ ಬೆಳಿಗ್ಗೆ ಮುಖ ತೊಳೆದುಕೊಂಡು, ಹಳೆಯ ಸರ್ಕಸ್ ಟೋಪಿ ಹಾಕಿಕೊಂಡು ಸಿದ್ಧವಾಗಿ ಕೂರುತ್ತಿತ್ತು.

ಪುರಾವೆಯವರಿಗೆ ಬೆಂಚೂ ಪೊಲೀಸರೂ ಮರೆತೇಹೋದರು. ಪುಟ ತಿರುಗಿಸಿದರು. ಅಷ್ಟರಲ್ಲಿ ಅರ್ಧ ಬಾಗಿಲು ಎಳೆದ ಸದ್ದು. "ಸ್ವಾಮಿ, ನನಗೂ ಹಸಿವಾಗುತ್ತೆ!" ಕತೆ ಇನ್ನೂ ಅರ್ಧ ಬಾಕಿ. ಪುಟ ತಿರುಗಿಸಬೇಕು ಅನ್ನಿಸಿದ್ದನ್ನೆಲ್ಲ ಎರಡು ಚೀಲಕ್ಕೆ ತುಂಬಿ, ಕರಡಿಯನ್ನು ಎಲ್ಲಕ್ಕಿಂತ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ನಿಂತೇ ಬರಬೇಕಾಯಿತು, ಮುಂದಿನದನ್ನು ಓದಲಾಗಲಿಲ್ಲ.

ಅಲ್ಲಿಯವರೆಗೆ ಎಲ್ಲ ಸುಸೂತ್ರ. ಕಟ್ಟಡದ ಗೇಟಿನಲ್ಲೇ ಗ್ರಹಚಾರ ಕಾದಿತ್ತು.

ಮೊದಲು ಅಡ್ಡ ಬಂದವರು ನೆಲಮಹಡಿಯ ನಿವೃತ್ತ ಮೇಷ್ಟ್ರು. ಚೀಲಕ್ಕೆ ಕೈಹಾಕಿ ನಾಲ್ಕೈದು ಪುಸ್ತಕ ಎಳೆದು, ಪ್ರತಿಯೊಂದರ ಕೊನೆಯ ಪುಟ ಮಾತ್ರ ನೋಡಿದರು.

"ಏನ್ರೀ ಇದು? ನೀತಿಯೇ ಇಲ್ಲ! 'ಇದರಿಂದ ನಾವು ಕಲಿಯಬೇಕಾದದ್ದು' ಅಂತ ಕೊನೇಲಿ ಬೇಡ್ವೇ? ನಾನು ಪರಿಶೀಲಿಸಿ ಕೊಡ್ತೀನಿ ಇರಿ."

"ಮೇಷ್ಟ್ರೇ, ಸಂಜೆ ಉದ್ಘಾಟನೆ..."

"ಸಂಜೆಗೆ ಕೊಡ್ತೀನಯ್ಯ. ಓಡಿಹೋಗ್ತೀನಾ?"

ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟ್ರಮ್ಮ ಹಿಡಿದಳು. ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್ಕು. "ಸಕ್ಕರೆ ಮೂಟೆಯಲ್ಲಿ ಸಂಸಾರ ಮಾಡೋ ಇಲಿ! ರಾತ್ರಿ ಹಲ್ಲುಜ್ಜಲ್ಲ, ಏನಿಲ್ಲ. ಇದನ್ನ ಓದಿದ ಮಕ್ಕಳೆಲ್ಲ ನನ್ನ ಕುರ್ಚಿಗೇ ಬರಬೇಕಷ್ಟೆ. ಇಂಥದ್ದು ಇನ್ನೆಷ್ಟಿವೆಯೋ, ನೋಡಿ ಕೊಡ್ತೀನಿ." ಒಂದು ಚೀಲವೇ ಖಾಲಿಯಾಯಿತು.

ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ಲಿಫ್ಟಿನ ಗುಂಡಿ ಒತ್ತಿದರೆ, ಬಾಗಿಲು ತೆರೆದು ಎದುರಿಗೆ ಪ್ರತ್ಯಕ್ಷನಾದವನು ನಿವಾಸಿಗಳ ಸಂಘದ ಸೆಕ್ರೆಟರಿ. ಮೂರು ಹೊತ್ತೂ ನಿಯಮ ಜಪಿಸುವ ಆಸಾಮಿ. ಮೇಲಿದ್ದ ಪುಸ್ತಕವನ್ನೇ ಎತ್ತಿದ.

"ಕರಡಿ! ಸಾರ್ವಜನಿಕ ಜಾಗದಲ್ಲಿ ಪ್ರಾಣಿ! ನಮ್ಮಲ್ಲಿ ನಾಯೀನ ಲಿಫ್ಟಿಗೆ ಬಿಡಬಾರದು ಅಂತ ನಾನೇ ಬೋರ್ಡು ಹಾಕಿದೀನಿ. ನಾಳೆ ಮಕ್ಕಳು ಕರಡಿ ತಂದು ನಿಲ್ಲಿಸಿದ್ರೆ ಜವಾಬ್ದಾರಿ ಯಾರು?"

"ಕರಡಿ ಎಲ್ಲಿಂದ ತರ್ತಾರೆ ಸಾರ್? ಅದೊಂದು ಬಿಟ್ಟುಬಿಡಿ. ನನ್ನ ಮಗಳಿಗೆ ಮಾತು ಕೊಟ್ಟಿದೀನಿ."

"ಒಂದು ಸಲ ಕಣ್ಣು ಹಾಯಿಸಿ ಕೊಡ್ತೀನಿ," ಎಂದು ಸೆಕ್ರೆಟರಿ ಕರಡಿಯ ಜೊತೆ ಮಿಕ್ಕ ಪುಸ್ತಕಗಳನ್ನೂ ಬಾಚಿಕೊಂಡ. ಪುರಾವೆಯವರು ಎರಡು ಖಾಲಿ ಚೀಲ ಹಿಡಿದು ಮನೆಗೆ ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಹೊತ್ತು ಇಳಿಯಿತು. ಕೂತಲ್ಲಿ ಕೂರಲಾಗಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತಿದರು, ಗಡಿಯಾರ ನೋಡಿದರು, ಕೊನೆಗೆ ವಸೂಲಿಗೆ ಹೊರಟರು.

ಮೇಷ್ಟ್ರ ಮನೆಯ ಬಾಗಿಲು ಎಷ್ಟು ಬಡಿದರೂ ತೆರೆಯಲಿಲ್ಲ. ಕಿಟಕಿಯಲ್ಲಿ ಇಣುಕಿದರು. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮೇಷ್ಟ್ರೇ! ಪುಸ್ತಕ!"

"ಈರುಳ್ಳಿ ಹೆಚ್ತಿದ್ದೆ, ಅದಕ್ಕೆ!" ಎಂದರು ಮೇಷ್ಟ್ರು ಬೆಚ್ಚಿಬಿದ್ದು. ಕೇಳಿದ್ದು ಪುಸ್ತಕ, ಹೇಳಿದ್ದು ಈರುಳ್ಳಿ. ಸುತ್ತಮುತ್ತ ಈರುಳ್ಳಿಯಿಲ್ಲ, ಚಾಕುವಿಲ್ಲ ಎಂಬುದನ್ನು ಪುರಾವೆಯವರು ಅಭ್ಯಾಸಬಲದಿಂದ ಗಮನಿಸಿದರು.

"ನೀತಿ ಸಿಕ್ತಾ ಮೇಷ್ಟ್ರೇ?"

"ನೀತಿ ಹಾಳಾಗಿಹೋಗ್ಲಿ! ಈ ಕುರುಡು ಕುದುರೆ ಮನೆಗೆ ಸೇರುತ್ತೋ ಇಲ್ವೋ ಗೊತ್ತಾಗಬೇಕು ನಂಗೆ. ಆಮೇಲೆ ಬನ್ನಿ!" ಕಿಟಕಿ ಮುಚ್ಚಿತು.

ಮೊದಲ ಮಹಡಿಗೆ ಓಡಿದರು. ಹಲ್ಲುನೋವಿಗೆ ರಜೆಯಿಲ್ಲ; ಕುರ್ಚಿಯಲ್ಲಿ ದಪ್ಪ ಮನುಷ್ಯನೊಬ್ಬ ಬಾಯಿ ಕಳೆದುಕೊಂಡು ಒರಗಿದ್ದ. ಅವನ ಬಾಯಿಗೆ ಬಿಟ್ಟಿದ್ದ ದೀಪದ ಬೆಳಕನ್ನು ತನ್ನ ಕಡೆ ತಿರುಗಿಸಿಕೊಂಡು ಡಾಕ್ಟ್ರಮ್ಮ ಇಲಿಯ ಕತೆ ಓದುತ್ತಿದ್ದಳು.

"ಡಾಕ್ಟ್ರಮ್ಮ, ಹೊತ್ತಾಯ್ತು..."

"ಶ್! ಇಲಿಗೆ ಅವಳಿಜವಳಿ ಹುಟ್ಟಿವೆ, ಮೂಟೆ ಹೊತ್ಕೊಂಡು ಹೋಗೋಕೆ ಗಾಡಿ ಬಂದಿದೆ!"

"ಆಂ... ಆಂ..." ಎಂದ ರೋಗಿ. ಬಾಯಿ ಮುಚ್ಚಿಸಿ ಎಂದು ಬೇಡುತ್ತಿದ್ದಾನೆಂದು ಪುರಾವೆಯವರು ತಿಳಿದರು. ಅಲ್ಲ. ಅವನು ಬೆರಳಿನಿಂದ ಪುಸ್ತಕ ತೋರಿಸುತ್ತಿದ್ದ. ಗಟ್ಟಿಯಾಗಿ ಓದಿ ಎಂಬುದು ಅವನ ಅಹವಾಲು.

ಇನ್ನು ಸೆಕ್ರೆಟರಿ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಫಲಕ ನೇತಾಡುತ್ತಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೇಲಿನ ಮಹಡಿ ತಲುಪಿದರೆ, ಸೆಕ್ರೆಟರಿಯ ಹೆಂಡತಿ, "ಲಿಫ್ಟು ರಿಪೇರಿಗೆ ಅಂತ ಹೋದೋರು ಇನ್ನೂ ಬಂದಿಲ್ಲ" ಎಂದಳು. ಪುರಾವೆಯವರು ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟರು. ಕೆಳಗಿನಿಂದ ಯಾರೋ ಮೂಗು ಸೀಟಿದ ಸದ್ದು ಬಂತು.

"ಸೆಕ್ರೆಟರಿಗಳೇ! ಒಳಗೆ ಸಿಕ್ಕಿಹಾಕ್ಕೊಂಡ್ರಾ?"

ಆಳದಿಂದ ಒಂದು ದನಿ ಬಂತು: "ಇಲ್ಲಾರೀ. ನಾನೇ ನಿಲ್ಲಿಸ್ಕೊಂಡಿದೀನಿ. ಮನೇಲಿ ಓದೋಕೆ ಎಲ್ಲಿ ಬಿಡ್ತಾರೆ? ಇನ್ನೊಂದಿಷ್ಟು ಪುಟ ಇದೆ, ದಮ್ಮಯ್ಯ ಹೋಗಿ."

ಪ್ರಾಣಿಗಳಿಗೆ ಪ್ರವೇಶವಿಲ್ಲದ ಲಿಫ್ಟಿನಲ್ಲಿ, ಎರಡು ಮಹಡಿಗಳ ನಡುವೆ, ಸೆಕ್ರೆಟರಿ ಕರಡಿಯ ಜೊತೆ ಕೂತಿದ್ದ.

ಸಂಜೆಯಾಗಿಯೇಬಿಟ್ಟಿತು. ಹಾಲಿನಲ್ಲಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತರು. ಮುಂದಿನ ಸಾಲಿನಲ್ಲಿ ಮಗಳು, ಅವಳ ತೊಡೆಯ ಮೇಲೆ ಕರಡಿ. ಹಿಂದೆ ದೊಡ್ಡವರು. ಮೇಷ್ಟ್ರ ಕಣ್ಣು ಕೆಂಪಗಿತ್ತು. ಡಾಕ್ಟ್ರಮ್ಮನ ಪಕ್ಕದಲ್ಲಿ ರೋಗಿಯೂ ಕೆನ್ನೆಗೆ ಹತ್ತಿ ಒತ್ತಿಕೊಂಡು ಕೂತಿದ್ದ. ಎಲ್ಲರ ಕಂಕುಳಲ್ಲೂ ಪುಸ್ತಕ. ಕೇಳಿದರೆ, ಪರಿಶೀಲನೆ ಮುಗಿದಿಲ್ಲ.

ರಿಬ್ಬನ್ ಕತ್ತರಿಸಿದ್ದಾಯಿತು. ಕಪಾಟಿನ ಬಾಗಿಲು ತೆರೆಯಿತು. ಒಳಗೆ ಏನೂ ಇರಲಿಲ್ಲ.

"ಕತೆ ಎಲ್ಲಿ?" ಎಂದಿತು ಒಂದು ಮಗು. "ಕತೆ ಎಲ್ಲಿ, ಕತೆ ಎಲ್ಲಿ" ಎಂದು ಸೂರು ಹಾರಿಹೋಗುವಂತೆ ಎಲ್ಲ ಕೂಗಿಕೊಂಡವು. ಪುರಾವೆಯವರು ಮಗಳ ಕಡೆ ನೋಡಿದರು. ಅವಳು ಹುಬ್ಬು ಗಂಟಿಕ್ಕಿ ಅವರನ್ನೇ ನೋಡುತ್ತಿದ್ದಳು. ಇನ್ನು ಮಾನ ಹೋದರೆ ಹೋಗಲಿ ಎಂದು ಬಾಯಿ ತೆರೆದರು.

"ಒಂದು ಮುದಿ ಕರಡಿ ಇತ್ತು. ಅದು ಬಸ್ ಸ್ಟ್ಯಾಂಡಲ್ಲಿ ಕಾಯ್ತಾ ಇತ್ತು..."

ಮೊದಮೊದಲು ವರದಿ ಒಪ್ಪಿಸಿದ ಹಾಗಿತ್ತು. ಬೆಂಚಿನ ಉದ್ದವನ್ನೂ ಹೇಳಿದರು. ಆದರೆ ಕರಡಿ ಟೋಪಿ ಹಾಕಿಕೊಂಡು ಕೂರುವಲ್ಲಿಗೆ ಬಂದಾಗ ದನಿ ತಾನಾಗಿ ಇಳಿಯಿತು. ಕೈಗಳು ತಾವಾಗಿ ಎದ್ದು ತಲೆಯ ಮೇಲೆ ಇಲ್ಲದ ಟೋಪಿಯನ್ನು ಸರಿಮಾಡಿದವು. ಮಕ್ಕಳು ಚಾಪೆಯ ಮೇಲೆ ಮುಂದಕ್ಕೆ ಜರುಗಿದವು. "ನಾಳೆ ಬರುತ್ತೆ ಅಜ್ಜ ಅಂತಿದ್ದ ಕಂಡಕ್ಟರು. ಕರಡಿ ನಂಬ್ತಿತ್ತು. ಮಳೆ ಬಂದ್ರೂ ಕಾಯ್ತಿತ್ತು..." ಅಲ್ಲಿಗೆ ನಿಂತರು. ಅಲ್ಲಿಂದಾಚೆ ಅವರು ಓದಿರಲಿಲ್ಲ.

"ಆಮೇಲೆ?" ಎಂದವು ಮಕ್ಕಳು.

"ಆಮೇಲೆ ನಾನು ಹೇಳ್ತೀನಿ!" ಸೆಕ್ರೆಟರಿ ಹಿಂದಿನಿಂದ ಎಲ್ಲರನ್ನೂ ತುಳಿದುಕೊಂಡು ಮುಂದೆ ಬಂದ. "ಒಂದಿನ ಕಂಡಕ್ಟರು ಏನ್ ಮಾಡ್ದ ಗೊತ್ತಾ? ಡ್ಯೂಟಿ ಮುಗಿದ ಮೇಲೆ ಬಸ್ಸಿನ ಬೋರ್ಡು ಅಳಿಸಿ, ಸೀಮೆಸುಣ್ಣದಲ್ಲಿ 'ಕಾಡು' ಅಂತ ಬರೆದ! ನಿಯಮಕ್ಕೆ ವಿರುದ್ಧ, ನಾನು ಒಪ್ಕೋತೀನಿ. ಆದ್ರೂ ಬರೆದ! 'ಅಜ್ಜ, ನಿನ್ನ ಬಸ್ಸು ಬಂತು ಹತ್ತು' ಅಂದ!" ಎಂದು ಅಲ್ಲೇ ಬಿಕ್ಕಿದ.

ಮಕ್ಕಳು ಚಪ್ಪಾಳೆ ತಟ್ಟಿದವು. ಮೇಷ್ಟ್ರು ತಡೆಯಲಾರದೆ ಕುರುಡು ಕುದುರೆಯ ಕತೆ ಶುರುಮಾಡಿದರು, ಡಾಕ್ಟ್ರಮ್ಮ ಇಲಿಯ ಬಾಣಂತನಕ್ಕೆ ಇಳಿದಳು. ಆ ಗದ್ದಲದ ನಡುವೆ ಮಗಳು ಎದ್ದು ಪುರಾವೆಯವರ ಹತ್ತಿರ ಬಂದಳು.

"ಅಪ್ಪ."

ಆ ಒಂದು ಮಾತಿಗೆ ಅವರ ಕಣ್ಣು ತುಂಬಿಬಂತು. ಮಂಡಿಯೂರಿ ಕೂತರು. "ಏನಮ್ಮ? ಏನು ಪುಟ್ಟಿ?"

"ಬಸ್ಸಿಗೆ ಡೀಸೆಲ್ ಯಾರು ಹಾಕ್ಸಿದ್ರು?"

"ಆಂ?"

"ಕಂಡಕ್ಟರಿಗೆ ಬಸ್ಸು ಓಡಿಸೋ ಲೈಸೆನ್ಸ್ ಇತ್ತಾ? ಕರಡಿ ಕಾಡಿಗೆ ಹೋಗಿದ್ದನ್ನ ಯಾರಾದ್ರೂ ನೋಡಿದಾರಾ?"

ಪುರಾವೆಯವರ ಬಾಯಿ ಹಲ್ಲಿನ ರೋಗಿಯ ಬಾಯಿಯಂತೆ ತೆರೆದೇ ಇತ್ತು. ಮಗಳು ಫ್ರಾಕಿನ ಜೇಬಿನಿಂದ ಒಂದು ಭೂತಗನ್ನಡಿ ತೆಗೆದಳು. ಇನ್ನೊಂದು ಜೇಬಿನಿಂದ ಟೇಪು ತೆಗೆದಳು.

"ತಗೋ ಅಪ್ಪ, ನಿಂದು. ನನ್ನ ತನಿಖೆ ಮುಗೀತು. ಅದಕ್ಕೇ ಈಗ ಮಾತಾಡ್ತಿದೀನಿ. ಮುಗಿಯೋವರೆಗೂ ಪಾರ್ಟಿ ಜೊತೆ ಮಾತಾಡ್ಬಾರ್ದಲ್ಲ?"

"ಯಾವ... ಯಾವ ತನಿಖೆ?"

"ಕರಡಿ ಕಾಲಿಂದು. ಪಾರ್ಕಿಂಗಲ್ಲಿರೋ ಎಲ್ಲ ಕಾರಿನ ಟೈರೂ ಅಳೆದೆ. ಯಾವುದೂ ಹೊಂದಲ್ಲ. ಹೊಲಿಗೆ ಹಳೇದೇ. ನೀನು ಹೇಳಿದ್ದು ಸರಿ ಅಪ್ಪ, ಕರಡಿ ನಂಗೆ ಸುಳ್ಳು ಹೇಳಿದೆ." ಹಾಗೆಂದು ಅವಳು ಕರಡಿಯನ್ನು ಒಯ್ದು ಖಾಲಿ ಕಪಾಟಿನ ಕೆಳಗಿನ ಅಟ್ಟಣೆಯಲ್ಲಿ ಕೂರಿಸಿ ಬಂದಳು. ಮುಖ ಗೋಡೆಯ ಕಡೆ.

ಮುನಿಸಿಕೊಂಡ ಮಗಳನ್ನು ಒಲಿಸಿಕೊಳ್ಳಲು ಪುರಾವೆಯವರು ಇಡೀ ದಿನ ಬಡಿದಾಡಿದ್ದರು. ಮಗಳು ಮುನಿಸಿಕೊಂಡೇ ಇರಲಿಲ್ಲ. ಅವಳು ಅಪ್ಪನ ಕೆಲಸ ಕಲಿಯುತ್ತಿದ್ದಳು. ಬಸ್ಸಿಗೆ ಕಾಯುವ ಮುದಿ ಕರಡಿ ಅವರ ಕಣ್ಣ ಮುಂದೆ ಬಂತು. ಆ ಕಂಡಕ್ಟರನ ಹಾಗೆ ಅವರಿಗೂ ನಿಜ ಹೇಳಲು ಬಾಯಿ ಬರಲಿಲ್ಲ.

"ಇಲ್ಲ ಪುಟ್ಟಿ! ಕರಡಿ ಸುಳ್ಳು ಹೇಳಿಲ್ಲ. ಕಾರು ಗುದ್ದಿದ್ದು ನಿಜ. ನಾನೇ ಕಣ್ಣಾರೆ ನೋಡ್ದೆ!"

ಮಗಳ ಹುಬ್ಬು ಮೇಲೇರಿತು. "ಯಾವ ಬಣ್ಣದ ಕಾರು?"

"ಕೆಂಪು."

"ನಂಬರು?"

"ನಂಬರು... ಅವಸರದಲ್ಲಿ ನೋಡಲಿಲ್ಲ."

"ಮಧ್ಯಾಹ್ನ ನೀನು ಆಫೀಸಲ್ಲಿದ್ದೆ."

ಪುರಾವೆಯವರು ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದರು. ಅವಳು ಕೈ ಚೆಲ್ಲಿದಳು. "ನನ್ನ ಹೇಳಿಕೆ ನಿನ್ನೇನೇ ತಗೊಂಡಿದಾಳೆ ರೀ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ನಮ್ಮನೇಲಿ ಆ ಗಾದೇನೂ ಸುಳ್ಳಾಯ್ತು."

ಮಗಳು ಅಪ್ಪನ ಕೈಯಿಂದ ಭೂತಗನ್ನಡಿಯನ್ನೂ ಟೇಪನ್ನೂ ವಾಪಸ್ ತೆಗೆದುಕೊಂಡಳು.

"ಯಾಕಮ್ಮ? ಮತ್ತೆ ಯಾರ ಮೇಲೆ ತನಿಖೆ? ಪುಟ್ಟಿ? ಪುಟ್ಟಿ, ಮಾತಾಡೇ!"

ಅವಳು ಏನೋ ಹೇಳಲು ಬಾಯಿ ತೆರೆದಳು. ನಿಯಮ ನೆನಪಾಗಿ ಗಪ್ಪನೆ ಮುಚ್ಚಿಕೊಂಡಳು. ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಅಮ್ಮನ ಕೈಹಿಡಿದು ಹೊರಟುಹೋದಳು.

ಹಾಲ್ ಖಾಲಿಯಾಯಿತು. ಪರಿಶೀಲಕರು ತಮ್ಮ ತಮ್ಮ ಪುಸ್ತಕ ಬಿಗಿಹಿಡಿದುಕೊಂಡು ಮನೆ ಸೇರಿದರು. ಪುರಾವೆಯವರು ಕಪಾಟಿನ ಮುಂದೆ ನೆಲದ ಮೇಲೆ ಕೂತು, ಕರಡಿಯನ್ನು ಮೆಲ್ಲಗೆ ಈಚೆ ತೆಗೆದರು. ಕರ್ಚೀಫು ಹರಿದು ಅದರ ಕಾಲಿಗೆ ಪಟ್ಟಿ ಕಟ್ಟಿದರು. ಸುತ್ತಲೂ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ತುಂಬ ನೋವಾಯ್ತೇನೋ?" ಎಂದು ಕೇಳಿದರು.

ಕರಡಿ ತುಟಿ ಬಿಚ್ಚಲಿಲ್ಲ. ಅದೂ ಸಾಕ್ಷಿಯಲ್ಲವೇ? ತನಿಖೆ ಇನ್ನೂ ನಡೆಯುತ್ತಿತ್ತು.